ಬೆಂಕಿಯಲ್ಲಿ ಬೆಂದು ಅರಳುವ ಗಡಿಯಾರ

ನಮ್ಮ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಚಿನ್ನದ ಬಿಲ್ಲೆ. ಅದರ ಮೇಲೆ ಯುರೋಪು ಹಾಗೂ ಏಷ್ಯಾ ಖಂಡಗಳ ಬಣ್ಣದ ಭೂಪಟ. ಇಂಥ ಡಯಲ್ ಇದ್ದ, 1950ರ ದಶಕದ ಪಾಟೆಕ್ ಫಿಲಿಪ್ ಕೈಗಡಿಯಾರವೊಂದು 2021ರಲ್ಲಿ ಜಿನೀವಾದ ಹರಾಜಿನಲ್ಲಿ 70 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಬರೀ ವೇಳೆ ನೋಡುವುದಕ್ಕಾದರೆ ಪೇಟೆಯಲ್ಲಿ ಸಿಗುವ ಅಗ್ಗದ ಕ್ವಾರ್ಟ್ಸ್ ವಾಚೇ ಇದಕ್ಕಿಂತ ಕರಾರುವಾಕ್ಕು! ಲೂಯಿ ಕಾಟಿಯೆ ಎಂಬ ಗಡಿಯಾರ ತಜ್ಞ ರೂಪಿಸಿದ, ಜಗತ್ತಿನ ಹಲವು ಊರುಗಳ ವೇಳೆಯನ್ನು ಒಟ್ಟಿಗೇ ತೋರಿಸುವ ಯಂತ್ರ ಇದರೊಳಗಿದೆ ನಿಜ. ಆದರೆ ನೋಡಿದವರ ಕಣ್ಣು ನಿಲ್ಲುವುದು ಆ ಭೂಪಟದ ಮೇಲೆ.

ಅದು ಬಣ್ಣ ಬಳಿದು ಬರೆದ ಚಿತ್ರವಲ್ಲ, ಗಾಜು. ಎನಾಮಲ್ ಎಂದರೆ ಮೂಲತಃ ಗಾಜಿನ ಪುಡಿ. ಕೋಬಾಲ್ಟ್ ಬೆರೆತರೆ ನೀಲಿ, ತಾಮ್ರ ಬೆರೆತರೆ ಹಸಿರು, ಚಿನ್ನವೇ ಬೆರೆತರೆ ಗುಲಾಬಿ ಕೆಂಪು. ಪುಡಿಯನ್ನು ನೀರಿನಲ್ಲಿ ಅರೆದು, ತೊಳೆದು, ಲೋಹದ ಮೇಲೆ ಹರಡಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಗೆ ಇಟ್ಟರೆ ಕರಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಹಾಗೆ ಕೂತ ಬಣ್ಣ ನೂರಾರು ವರ್ಷ ಮಾಸುವುದಿಲ್ಲ.

ಭೂಪಟದ ಡಯಲಿನಲ್ಲಿರುವುದು ಕ್ಲುವಾಸೊನೆ ಎಂಬ ವಿಧಾನ. ಕೂದಲೆಳೆಯಷ್ಟು ತೆಳುವಾದ ಚಿನ್ನದ ತಂತಿಯನ್ನು ಚಿಮುಟದಲ್ಲಿ ಬಾಗಿಸುತ್ತಾ ಗೆರೆಗೆ ಗೆರೆ ಕೂಡಿಸಬೇಕು. ನಮ್ಮ ಹೆಂಗಸರು ಚುಕ್ಕಿ ಇಟ್ಟು ರಂಗೋಲಿ ಎಳೆದು, ಆಮೇಲೆ ಬಣ್ಣ ತುಂಬುವುದಿಲ್ಲವೇ, ಹೆಚ್ಚುಕಡಿಮೆ ಹಾಗೆಯೇ. ತಂತಿಯ ಕೋಣೆಗಳಲ್ಲಿ ಪುಡಿ ತುಂಬಿ ಸುಟ್ಟಾಗ ಅದು ಕುಗ್ಗುತ್ತದೆ; ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಶಾಂಪ್‌ಲೆವೆ ವಿಧಾನದಲ್ಲಿ ತಂತಿಯ ಗೊಡವೆಯಿಲ್ಲ, ಉಳಿಯಿಂದ ಲೋಹದಲ್ಲೇ ಹಳ್ಳ ತೋಡಿ ಬಣ್ಣ ತುಂಬುತ್ತಾರೆ. ಜೈಪುರದ ಮೀನಾಕಾರಿ ಒಡವೆ ಕಂಡವರಿಗೆ ಇದು ಹೊಸದಲ್ಲ. ಇನ್ನು ಗಿಯೋಷೆ ಎಂಬ ಕೆತ್ತನೆಗೆ ಕೈಯಿಂದ ತಿರುಗಿಸುವ ಹಳೆಯ ಯಂತ್ರಗಳೇ ಬೇಕು. ಅಲೆಅಲೆಯಾಗಿ ಕೊರೆದ ಗೆರೆಗಳ ಮೇಲೆ ಪಾರದರ್ಶಕ ಎನಾಮಲ್ ಕೂತಾಗ ಬೆಳಕು ಒಳಗಿನಿಂದಲೇ ಹೊಮ್ಮಿದಂತೆ ಕಾಣುತ್ತದೆ. ಒಂದು ಗೆರೆ ತಪ್ಪಿದರೂ ಬಿಲ್ಲೆ ಗುಜರಿಗೆ.

ಎಲ್ಲಕ್ಕಿಂತ ಕಷ್ಟದ್ದು ಕಿರುಚಿತ್ರ. ಹಿಟ್ಟಿಗಿಂತ ನುಣುಪಾಗಿ ಅರೆದ ಬಣ್ಣವನ್ನು ಎಣ್ಣೆಯಲ್ಲಿ ಕಲಸಿ, ನಾಲ್ಕಾರು ಕೂದಲಿನ ಕುಂಚ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಬರೆಯಬೇಕು. ಪ್ರತಿ ಪದರಕ್ಕೂ ಒಂದು ಅಗ್ನಿಪರೀಕ್ಷೆ. ಹತ್ತಿಪ್ಪತ್ತು ಬಾರಿ ಸುಡುವುದೂ ಉಂಟು. ಹೆಚ್ಚು ಬೆಂಕಿ ಬೇಡುವ ಬಣ್ಣ ಮೊದಲು, ನಾಜೂಕಿನದು ಕೊನೆಗೆ. ಕೊನೆಯಲ್ಲಿ ಬಣ್ಣವಿಲ್ಲದ ಎನಾಮಲಿನ ಹೊದಿಕೆ. ಈ ಹೊದಿಕೆಯೇ ಜಿನೀವಾ ಶೈಲಿಯ ಹೆಗ್ಗುರುತು. ತಿಂಗಳುಗಟ್ಟಲೆ ದುಡಿದದ್ದು ಆ ಕೊನೆಯ ಸುಡುವಿಕೆಯಲ್ಲಿ ಬಿರುಕು ಬಿಟ್ಟರೆ ಕೇಳುವವರಿಲ್ಲ.

ಈ ಶೃಂಗಾರವೆಲ್ಲ ಜಿನೀವಾದಲ್ಲಿ ಬೆಳೆದದ್ದೇ ವಿಚಿತ್ರ. 16ನೆಯ ಶತಮಾನದಲ್ಲಿ ಧರ್ಮಸುಧಾರಕ ಕ್ಯಾಲ್ವಿನ್‌ನ ಕಟ್ಟುಪಾಡಿನಿಂದಾಗಿ ಅಲ್ಲಿ ಒಡವೆಗಳಿಗೆ ಕಡಿವಾಣ ಬಿತ್ತು. ಕೈಕಟ್ಟಿದಂತಾದ ಅಕ್ಕಸಾಲಿಗರು ಗಡಿಯಾರದತ್ತ ಹೊರಳಿದರು. ಅದು ಉಪಯೋಗದ ವಸ್ತು ತಾನೇ? 1601ರಲ್ಲಿ ಗಡಿಯಾರ ತಯಾರಕರ ಸಂಘವೇ ಹುಟ್ಟಿತು. ಅದೇ ಊರಿನಲ್ಲಿ 1607ರಲ್ಲಿ ಹುಟ್ಟಿದ ಝಾನ್ ಪೆತಿತೊ ಎನಾಮಲ್ ಚಿತ್ರಗಾರನಾಗಿ ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್, ಬಳಿಕ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗಳ ಆಶ್ರಯ ಪಡೆದ. 1685ರಲ್ಲಿ ಲೂಯಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆ ಕಿತ್ತುಹಾಕಿದಾಗ ಈ ಮುದುಕನನ್ನೂ ಸೆರೆಗೆ ತಳ್ಳಲಾಯಿತು. ಬಿಡುಗಡೆಯಾಗಿ ಸ್ವಿಟ್ಜರ್ಲೆಂಡಿಗೆ ಮರಳಿದ ಆತ 1691ರಲ್ಲಿ ತೀರಿಕೊಂಡ. ಮುಂದೆ ಜಿನೀವಾದ ಎನಾಮಲ್ ಗಡಿಯಾರಗಳು ಚೀನಾಕ್ಕೂ ಹೋದವು. ಅಲ್ಲಿಯ ಸಿರಿವಂತರಿಗಾಗಿ ಜೋಡಿಯಾಗಿ, ಒಂದರ ಚಿತ್ರ ಇನ್ನೊಂದರ ಕನ್ನಡಿ ಬಿಂಬವಾಗಿರುವಂತೆ ಮಾಡುತ್ತಿದ್ದರು.

ಇಷ್ಟು ಹಳೆಯ ವಿದ್ಯೆ 1970ರ ದಶಕದಲ್ಲಿ ನಂದಿಹೋಗುವುದರಲ್ಲಿತ್ತು. ಜಪಾನಿನ ಕ್ವಾರ್ಟ್ಸ್ ವಾಚುಗಳ ಹೊಡೆತಕ್ಕೆ ಸ್ವಿಸ್ ಉದ್ಯಮ ತತ್ತರಿಸಿತು. 1970ರಲ್ಲಿ ಸುಮಾರು 90 ಸಾವಿರದಷ್ಟಿದ್ದ ಕೆಲಸಗಾರರ ಸಂಖ್ಯೆ ಹದಿನೈದೇ ವರ್ಷಗಳಲ್ಲಿ ಮೂರನೆಯ ಒಂದರಷ್ಟಾಯಿತು. ಯಂತ್ರ ಮಾಡುವವರಿಗೇ ಕೆಲಸವಿಲ್ಲದಾಗ ಚಿತ್ರ ಬರೆಯುವವರನ್ನು ವಿಚಾರಿಸುವವರಾರು? ಆ ಬರಗಾಲದಲ್ಲೂ ಕುಂಚ ಕೆಳಗಿಡದ ಕೆಲವೇ ಮಂದಿಯಲ್ಲಿ ಸುಝಾನ್ ರೋರ್ ಒಬ್ಬರು. ಅವರ ಕೈಯಿಂದ ಕಿರುಚಿತ್ರದ ಮರ್ಮ ಕಲಿತವರು ಅನಿತಾ ಪೋರ್ಶೆ. ಇಂದು ಈ ಕಲೆಯ ಮಾತು ಬಂದಲ್ಲೆಲ್ಲ ಮೊದಲು ಕೇಳಿಬರುವ ಹೆಸರು ಪೋರ್ಶೆಯವರದು. 2017ರಲ್ಲಿ ಜಿನೀವಾದ ಗಡಿಯಾರ ಪ್ರಶಸ್ತಿ ಸಮಾರಂಭದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಗುರು ಶಿಷ್ಯೆ ಇಬ್ಬರಿಗೂ ಒಟ್ಟಿಗೇ ಸಂದಿತು. ಡಯಲಿನ ಮೇಲೆ ಮೆರೆಯುವುದು ಕಂಪೆನಿಯ ಹೆಸರಾದ್ದರಿಂದ ಈ ಮನ್ನಣೆ ತಡವಾಗಿಯೇ ಬಂತೆನ್ನಬೇಕು.

ಈಗ ಬೇಡಿಕೆಗೆ ಕೊರತೆಯಿಲ್ಲ. ಕಂಪೆನಿಗಳು ತಮ್ಮಲ್ಲೇ ಎನಾಮಲ್ ವಿಭಾಗ ತೆರೆದಿವೆ. ತೊಡಕು ಬಂದಿರುವುದು ಬಣ್ಣದಲ್ಲಿ. ಹಳೆಯ ಎನಾಮಲಿನಲ್ಲಿ ಸೀಸ ಇರುತ್ತಿತ್ತು. ಅದು ವಿಷವೆಂದು ಕಡಿಮೆ ಮಾಡಿದ ಮೇಲೆ ಹೊಸ ಪುಡಿಗಳು ಬೆಂಕಿಯಲ್ಲಿ ಮೊದಲಿನಂತೆ ವರ್ತಿಸುವುದಿಲ್ಲ. ಕೆಲವು ಬಣ್ಣಗಳಿಗೆ ಆ ಹಿಂದಿನ ಆಳವೂ ಬರುವುದಿಲ್ಲ. ಹೀಗಾಗಿ ತೀರಿಕೊಂಡ ಕುಶಲಕರ್ಮಿಗಳ ಪೆಟ್ಟಿಗೆಗಳಲ್ಲಿ ಉಳಿದ ಹಳೆಯ ಗಾಜಿನ ತುಣುಕುಗಳಿಗೆ ಈಗ ಎಲ್ಲಿಲ್ಲದ ಬೆಲೆ. ಅಂಥ ಒಂದು ಡಬ್ಬಿ ಕೆಂಪು ಸಿಕ್ಕಿದವರು ಅದನ್ನು ಚಿಟಿಕೆ ಚಿಟಿಕೆಯಾಗಿ ಖರ್ಚು ಮಾಡುತ್ತಾರೆ.