ರಿಪೇರಿಯಾದ ಮೇಲೂ ಬಿಸಿಯೇರುವ ಟ್ರ್ಯಾಕ್ಟರ್ ಇಂಜಿನ್: ದೋಷ ಪತ್ತೆ ಮಾಡುವ ಕ್ರಮ

ಒಕ್ಕಣೆಯ ಕಾಲದಲ್ಲಾಗಲಿ, ನಾಟಿಗೆ ಮುಂಚೆ ಗದ್ದೆಯಲ್ಲಿ ಕೆಸರು ಮಾಡುವಾಗಲಾಗಲಿ ಟ್ರ್ಯಾಕ್ಟರ್ ಇಂಜಿನ್ ಮಿತಿಮೀರಿ ಬಿಸಿಯಾಗುವುದು ರೈತರಿಗೆ ಹೊಸ ಸಂಗತಿಯೇನಲ್ಲ. ಆದರೆ ರೇಡಿಯೇಟರ್ ಬದಲಾಯಿಸಿ, ವಾಟರ್ ಪಂಪು ಹಾಕಿಸಿ, ಕೊನೆಗೆ ಹೆಡ್ ಇಳಿಸಿ ಗ್ಯಾಸ್ಕೆಟ್ಟನ್ನೂ ಹೊಸದು ಮಾಡಿಸಿದ ಮೇಲೆ ಗೇಜಿನ ಮುಳ್ಳು ಮತ್ತೆ ಕೆಂಪು ಗುರುತಿಗೆ ಏರತೊಡಗಿದರೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ. ಕೈಯ ಹಣ ಖರ್ಚಾಗಿರುತ್ತದೆ, ಹೊಲದ ಹದ ತಪ್ಪುತ್ತಿರುತ್ತದೆ. ಇಂತಹ ಸಮಯದಲ್ಲಿ ಇನ್ನೊಂದು ಬಿಡಿಭಾಗ ಕೊಳ್ಳುವುದು ಪರಿಹಾರವಲ್ಲ; ಹಾಗೆಂದು ಅರ್ಧ ತಾಸಿಗೊಮ್ಮೆ ನಿಲ್ಲಿಸಿ ನೀರು ಸುರಿಯುತ್ತ ಕೆಲಸ ಮುಗಿಸಿಬಿಡುವುದಂತೂ ಅಪಾಯಕರ. ಶಾಖವು ಎಲ್ಲಿ ತಡೆದು ನಿಂತಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಶಾಖದ ದಾರಿ

ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನದನ್ನು ನೀರು ಹೊತ್ತೊಯ್ಯಬೇಕು. ಲೈನರ್ ಮತ್ತು ಹೆಡ್ಡಿನಿಂದ ನೀರಿಗೆ, ನೀರಿನಿಂದ ರೇಡಿಯೇಟರಿನ ಕೊಳವೆಗಳಿಗೆ, ಅಲ್ಲಿಂದ ತೆಳು ರೆಕ್ಕೆಗಳಿಗೆ, ಕೊನೆಗೆ ಫ್ಯಾನ್ ಎಳೆದುಕೊಳ್ಳುವ ಗಾಳಿಗೆ ಶಾಖವು ದಾಟುತ್ತದೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕೆಟ್ಟಿದ್ದರೂ ಉಳಿದವನ್ನೆಲ್ಲ ಹೊಸದಾಗಿ ಹಾಕಿಸಿ ಪ್ರಯೋಜನವಿಲ್ಲ. ಇನ್ನೊಂದು ಮಾತನ್ನೂ ನೆನಪಿಡಬೇಕು. ಇಂಜಿನ್ ಒಮ್ಮೆ ಬಲವಾಗಿ ಬಿಸಿಯಾಗಿದ್ದರೆ ಆ ಶಾಖವೇ ಹೊಸ ದೋಷವನ್ನು ಹುಟ್ಟಿಸಿರಬಹುದು. ಬೆಲ್ಟು ಜಾರಿ ಬಿಸಿಯಾದ ಇಂಜಿನ್ನಿನಲ್ಲಿ ಹೆಡ್ ಬಾಗಿದ್ದರೆ, ಬೆಲ್ಟು ಬಿಗಿ ಮಾಡಿದ ಮಾತ್ರಕ್ಕೆ ಅದು ಸರಿಹೋಗದು. ರಿಪೇರಿಯಾದ ಮೇಲೂ ತೊಂದರೆ ಮುಂದುವರಿಯಲು ಇದು ಬಹು ಸಾಮಾನ್ಯ ಕಾರಣ.

ಗೇಜಿನ ಮುಳ್ಳನ್ನು ನಂಬಬಹುದೇ?

ಇಂಜಿನ್ ನಿಜವಾಗಿ ಬಿಸಿಯಾಗುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ವಿದ್ಯುತ್ ಗೇಜು ಇರುವ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಸೆನ್ಸಾರಿನಿಂದ ಬರುವ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಗುಲಿದರೆ ಮುಳ್ಳು ನೇರವಾಗಿ ಕೆಂಪಿಗೆ ಏರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಮೇಲಿದ್ದರೆ ದೋಷ ತಂತಿಯದು ಅಥವಾ ಸೆನ್ಸಾರಿನದು. ಇದಕ್ಕೆ ಹೆಡ್ ಇಳಿಸಬೇಕಾಗಿಲ್ಲ. ಇದಕ್ಕೆ ವಿರುದ್ಧವಾದುದು ಹೆಚ್ಚು ಅಪಾಯಕರ. ನೀರು ಸೋರಿ ಸೆನ್ಸಾರಿಗಿಂತ ಕೆಳಗಿಳಿದರೆ ಅದು ಬರೀ ಗಾಳಿಯಲ್ಲಿ ನಿಂತಿರುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ಸಮಾಧಾನಪಡದೆ ಇಂಜಿನ್ನನ್ನು ನಿಲ್ಲಿಸಿ ನೋಡಬೇಕು. ದೂರದಿಂದಲೇ ಶಾಖ ತೋರಿಸುವ ಕೈ ಥರ್ಮಾಮೀಟರು ಸಿಕ್ಕರೆ ಥರ್ಮೋಸ್ಟಾಟಿನ ಮನೆಯ ಹತ್ತಿರ ಹಿಡಿದು ಗೇಜಿಗೆ ಹೋಲಿಸಬಹುದು.

ಯಾವಾಗ ಬಿಸಿಯಾಗುತ್ತದೆ?

ಮೆಕ್ಯಾನಿಕ್ಕಿಗೆ ಹೇಳುವಾಗ "ಹೀಟ್ ಆಗ್ತದೆ" ಎಂದಷ್ಟೇ ಹೇಳಿದರೆ ಸಾಲದು. ಯಾವ ಕೆಲಸದಲ್ಲಿ, ಎಷ್ಟು ಹೊತ್ತಿನ ಮೇಲೆ ಎಂಬುದನ್ನು ಚಾಲಕನೇ ಗಮನಿಸಿ ಹೇಳಬೇಕು. ಅರ್ಧ ರೋಗನಿದಾನ ಅದರಲ್ಲೇ ಇದೆ.

ಬರೀ ಟ್ರಾಲಿ ಎಳೆಯುವಾಗ ಸರಿಯಿದ್ದು, ರೋಟವೇಟರ್ ಹಾಕಿದಾಗ ಅಥವಾ ಕೆಸರಿನಲ್ಲಿ ಅರ್ಧ ತಾಸು ನಡೆದಾಗ ಮುಳ್ಳು ನಿಧಾನವಾಗಿ ಏರುತ್ತಿದ್ದರೆ ರೇಡಿಯೇಟರಿನ ಶಕ್ತಿ ಸಾಲುತ್ತಿಲ್ಲವೆಂದು ತಿಳಿಯಬೇಕು. ಒಂದೆಡೆ ನಿಂತು ಒಕ್ಕಣೆ ಯಂತ್ರ ಓಡಿಸುವಾಗ ಮಾತ್ರ ಬಿಸಿಯಾದರೆ ಮೊದಲು ರೇಡಿಯೇಟರಿನ ಮುಂಭಾಗವನ್ನು ನೋಡಬೇಕು. ರಾಗಿ, ಭತ್ತ, ಜೋಳದ ಹೊಟ್ಟು ಜಾಲರಿಯನ್ನು ದಾಟಿ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಮೇಲೆ ಶುಚಿಯಾಗಿ ಕಂಡರೂ ಒಳಗೆ ಹೊದಿಕೆಯಂತೆ ಕೂತಿರುತ್ತದೆ. ಇದನ್ನು ಇಂಜಿನ್ನಿನ ಕಡೆಯಿಂದ ಹೊರಕ್ಕೆ ಬರುವಂತೆ ಗಾಳಿ ಅಥವಾ ಹಗುರವಾದ ನೀರಿನಿಂದ ತೊಳೆಯಬೇಕು. ಮುಂದಿನಿಂದ ರಭಸವಾಗಿ ನೀರು ಹೊಡೆದರೆ ಹೊಟ್ಟು ಇನ್ನೂ ಒಳಗೆ ಸೇರುತ್ತದೆ, ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಯಂತ್ರದ ಹೊಟ್ಟು ಗಾಳಿಯೊಡನೆ ಟ್ರ್ಯಾಕ್ಟರಿನ ಮೇಲೆ ಬೀಳದಂತೆ ನಿಲ್ಲಿಸುವುದು ಕಾಸಿನ ಖರ್ಚಿಲ್ಲದ ಉಪಾಯ. ಆದರೂ ಕಣಗಳಲ್ಲಿ ಇದನ್ನು ಪಾಲಿಸುವವರು ಕಡಿಮೆ.

ತಣ್ಣಗಿದ್ದ ಇಂಜಿನ್ ಚಾಲೂ ಮಾಡಿದ ಐದಾರು ನಿಮಿಷಗಳಲ್ಲೇ ಬಿಸಿಯೇರಿದರೆ ನೀರು ತಿರುಗುತ್ತಿಲ್ಲ, ಅಥವಾ ಉರಿಯುವ ಕೋಣೆಯ ಅನಿಲ ನೀರಿಗೆ ನುಗ್ಗುತ್ತಿದೆ. ಹೆಚ್ಚು ವೇಗದಲ್ಲಿ ಮಾತ್ರ ಬಿಸಿಯಾಗಿ ನಿಧಾನ ಮಾಡಿದಾಗ ಇಳಿದರೆ ಕೆಳಗಿನ ಹೋಸ್ ಪೈಪನ್ನು ಗಮನಿಸಬೇಕು. ಪಂಪಿನ ಎಳೆತಕ್ಕೆ ಮೆತ್ತಗಾದ ಪೈಪು ಚಪ್ಪಟೆಯಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಹೀಗಾಗದಂತೆ ಕೆಲವು ಪೈಪುಗಳ ಒಳಗೆ ಸ್ಪ್ರಿಂಗ್ ಇರುತ್ತದೆ. ಪೈಪು ಬದಲಿಸುವಾಗ ಅದನ್ನು ಹಾಕದೆ ಬಿಟ್ಟಿರುವುದುಂಟು.

ರಿಪೇರಿಯಿಂದಲೇ ಹುಟ್ಟುವ ದೋಷಗಳು

ರಿಪೇರಿಗೆ ಮುಂಚೆ ಇಲ್ಲದಿದ್ದ ಲಕ್ಷಣ ಆಮೇಲೆ ಕಂಡರೆ ಬಿಚ್ಚಿ ಜೋಡಿಸಿದ ಭಾಗವನ್ನೇ ಮೊದಲು ಶಂಕಿಸಬೇಕು.

ಇವುಗಳಲ್ಲಿ ಅತಿ ಸುಲಭವಾದುದು ಒಳಗೆ ಸಿಕ್ಕಿಕೊಂಡ ಗಾಳಿ. ನೀರೆಲ್ಲ ಬಸಿದು ಮತ್ತೆ ಬೇಗಬೇಗ ತುಂಬಿದರೆ ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿ ಉಳಿಯುತ್ತದೆ. ಮೇಲಿನಿಂದ ರೇಡಿಯೇಟರ್ ತುಂಬಿದಂತೆ ಕಂಡರೂ ಇಂಜಿನ್ನಿನಲ್ಲಿ ನೀರು ಕಡಿಮೆ ಇರುತ್ತದೆ. ಟ್ರ್ಯಾಕ್ಟರಿನ ಮುಂಭಾಗ ಸ್ವಲ್ಪ ಎತ್ತರವಾಗಿರುವಂತೆ ನಿಲ್ಲಿಸಿ, ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ನೀರನ್ನು ನಿಧಾನವಾಗಿ ತುಂಬಬೇಕು. ಮುಚ್ಚಳ ತೆರೆದಿಟ್ಟು ನಿಧಾನ ವೇಗದಲ್ಲಿ ಓಡಿಸಿ, ಥರ್ಮೋಸ್ಟಾಟ್ ತೆರೆದು ಮಟ್ಟ ಇಳಿದಾಗ ಮತ್ತೆ ತುಂಬಿ ಮುಚ್ಚಬೇಕು. ಮರುದಿನ ಬೆಳಿಗ್ಗೆ ಮಟ್ಟವನ್ನು ಇನ್ನೊಮ್ಮೆ ನೋಡಬೇಕು.

ಥರ್ಮೋಸ್ಟಾಟಿನ ವಿಷಯದಲ್ಲಿ ಬಹಳ ತಪ್ಪು ತಿಳಿವಳಿಕೆ ಇದೆ. "ನಮ್ಮ ಸೆಕೆಗೆ ಇದು ಬೇಡ" ಎಂದು ತೆಗೆದೆಸೆಯುವುದು ಎಷ್ಟೋ ಕಡೆ ರೂಢಿಯಾಗಿದೆ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಹಗುರ ಕೆಲಸದಲ್ಲಿ ಬೇಕಾದ ಶಾಖಕ್ಕೇ ಏರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಲೈನರುಗಳು ಬೇಗ ಸವೆಯುತ್ತವೆ. ಕೆಲವು ಇಂಜಿನ್ನುಗಳಲ್ಲಿ ತೆರೆದುಕೊಂಡಾಗ ಅಡ್ಡದಾರಿಯನ್ನು ಮುಚ್ಚುವ ಕೆಲಸವೂ ಅದರದ್ದೇ. ಅಂತಹ ಕಡೆ ಅದನ್ನು ತೆಗೆದುಹಾಕಿದರೆ ಬಿಸಿನೀರಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಭಾರದ ಕೆಲಸದಲ್ಲಿ ಬಿಸಿ ಹೆಚ್ಚುತ್ತದೆ. ತಂಪಾಗಲೆಂದು ಮಾಡಿದ ಕೆಲಸವೇ ತೊಂದರೆಗೆ ಕಾರಣವಾಗುವುದೆಂದರೆ ಇದೇ. ಥರ್ಮೋಸ್ಟಾಟನ್ನು ಪರೀಕ್ಷಿಸುವುದು ಕಷ್ಟವಲ್ಲ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಥರ್ಮಾಮೀಟರಿನೊಡನೆ ಕಾಯಿಸಬೇಕು. ಅದರ ಮೇಲೆ ಬರೆದಿರುವ ಡಿಗ್ರಿಯ ಆಸುಪಾಸಿನಲ್ಲಿ, ಬಹಳಷ್ಟು ಇಂಜಿನ್ನುಗಳಲ್ಲಿ ಇದು ಸುಮಾರು 82 ಡಿಗ್ರಿ ಸೆಲ್ಸಿಯಸ್, ಅದು ತೆರೆಯಲು ಆರಂಭಿಸಬೇಕು. ನೀರು ಕುದಿಯುವ ಹೊತ್ತಿಗೂ ತೆರೆಯದಿದ್ದರೆ ಬದಲಿಸಬೇಕು. ಜೋಡಿಸುವಾಗ ಮೇಣ ತುಂಬಿದ ಉಬ್ಬು ಭಾಗ ಇಂಜಿನ್ನಿನ ಕಡೆಗಿರಬೇಕು. ತಿರುವಿ ಹಾಕಿದರೆ ಬಿಸಿನೀರು ಅದಕ್ಕೆ ತಾಗದೆ ತಡವಾಗಿ ತೆರೆಯುತ್ತದೆ.

ಫ್ಯಾನನ್ನು ಹಿಂದುಮುಂದಾಗಿ ಜೋಡಿಸುವುದೂ ಉಂಟು. ಹೀಗಾದರೆ ಗಾಳಿಯ ದಿಕ್ಕು ಬದಲಾಗುವುದಿಲ್ಲವಾದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಆದರೆ ಗಾಳಿ ಎಳೆಯುವ ಶಕ್ತಿ ಬಹಳ ಕುಗ್ಗುತ್ತದೆ. ಫ್ಯಾನಿನ ಸುತ್ತಲಿನ ತಗಡಿನ ಕವಚ ಮುರಿದಿದ್ದರೆ ಅದನ್ನು ಹಾಕದೆ ಬಿಡಬಾರದು. ಕವಚವಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಎಳೆಯದೆ ಪಕ್ಕದ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ತಗ್ಗಬೇಕು.

ಇಂಧನ ಪಂಪನ್ನು ಇಳಿಸಿ ಏರಿಸಿದ್ದರೆ ಗುರುತುಗಳು ಸರಿಯಾಗಿ ಕೂಡಿವೆಯೇ ಎಂದು ನೋಡಬೇಕು. ಡೀಸೆಲ್ ತಡವಾಗಿ ಸಿಂಪರಣೆಯಾದರೆ ಎಳೆತ ಕಡಿಮೆಯಾಗಿ ಶಾಖ ಹೆಚ್ಚುತ್ತದೆ. ಬ್ರೇಕು ಬಿಗಿ ಮಾಡಿಸಿದ ಮೇಲೆ ಇಂಜಿನ್ ಬಿಸಿಯಾಗತೊಡಗಿದ್ದರೆ ಸಮತಟ್ಟಾದ ನೆಲದಲ್ಲಿ ಗೇರು ಬಿಡಿಸಿ ತಳ್ಳಿ ನೋಡುವುದು ಸಾಕು. ಹೊಸ ಪಿಸ್ಟನ್, ರಿಂಗು ಹಾಕಿದ ಇಂಜಿನ್ನಿನಲ್ಲಿ ಮೊದಲಿಗೆ ಬಿಗಿತ ಇರುವುದರಿಂದ ಸ್ವಲ್ಪ ಹೆಚ್ಚು ಬಿಸಿಯಾಗುವುದು ಸಹಜ. ಸುಮಾರು 50 ತಾಸುಗಳ ಕೆಲಸ ಮುಗಿಯುವವರೆಗೆ ಅದನ್ನು ರೋಟವೇಟರಿಗಾಗಲಿ ಕೆಸರಿಗಾಗಲಿ ಹಾಕಬಾರದು.

ಗ್ಯಾಸ್ಕೆಟ್ ಮತ್ತು ಹೆಡ್

ಮೇಲಿನವೆಲ್ಲ ಸರಿಯಿದ್ದೂ ನೀರು ಉಕ್ಕುತ್ತಿದ್ದರೆ ಅನಿಲ ಸೋರಿಕೆಯನ್ನು ಪರೀಕ್ಷಿಸಬೇಕು. ಇದನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಾಡತಕ್ಕದ್ದು. ಫ್ಯಾನ್ ಬೆಲ್ಟನ್ನು ಕಳಚಿ, ರೇಡಿಯೇಟರನ್ನು ಬಾಯಿಯವರೆಗೆ ತುಂಬಿ, ಮುಚ್ಚಳ ಹಾಕದೆ ಇಂಜಿನ್ನನ್ನು ಒಂದೆರಡು ನಿಮಿಷ ಮಾತ್ರ ಓಡಿಸಿ ನೀರನ್ನು ನೋಡುತ್ತಿರಬೇಕು. ಬೆಲ್ಟಿನಿಂದ ತಿರುಗುವ ವಾಟರ್ ಪಂಪು ಆಗ ನಿಂತಿರುವುದರಿಂದ, ಎಡೆಬಿಡದೆ ಗುಳ್ಳೆಗಳು ಬಂದರೆ ಅವು ಪಂಪು ಹೀರಿದ ಗಾಳಿಯಲ್ಲ, ಸಿಲಿಂಡರಿನ ಅನಿಲವೇ. ಬೆಲ್ಟಿದ್ದಾಗ ಗುಳ್ಳೆ ಬಂದು ಬೆಲ್ಟು ತೆಗೆದಾಗ ನಿಂತರೆ ಪಂಪಿನ ಸೀಲು ಅಥವಾ ಕೆಳಗಿನ ಪೈಪಿನ ಕ್ಲಿಪ್ಪು ಗಾಳಿ ಎಳೆಯುತ್ತಿದೆ. ಎಣ್ಣೆ ಹಾಕುವ ಮುಚ್ಚಳದ ಕೆಳಗೆ ಹಾಲಿನ ಬಣ್ಣದ ನೊರೆ, ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪದರ, ಎಲ್ಲಿಯೂ ಸೋರದೆ ಪ್ರತಿದಿನ ಇಳಿಯುವ ನೀರು, ಇವೂ ಅದೇ ಕಡೆಗೆ ಬೆರಳು ತೋರಿಸುತ್ತವೆ.

ಹೊಸ ಗ್ಯಾಸ್ಕೆಟ್ ಹಾಕಿಸಿದ್ದೇವಲ್ಲ ಎಂದು ಇಲ್ಲಿ ಸುಮ್ಮನಾಗಬಾರದು. ಹೆಡ್ ಬಾಗಿದ್ದರೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸುಟ್ಟುಹೋಗುತ್ತದೆ. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜು ತೂರಿಸಿ ಅಳೆಯಬೇಕು. ಮಿತಿ ಎಷ್ಟೆಂಬುದನ್ನು ಆಯಾ ಇಂಜಿನ್ನಿನ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಅದು ಮಿಲಿಮೀಟರಿನ ಅತಿ ಸಣ್ಣ ಭಾಗ, ಕಣ್ಣಂದಾಜಿಗೆ ಸಿಗುವುದಿಲ್ಲ. ಬೋಲ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ, ಟಾರ್ಕ್ ಸ್ಪ್ಯಾನರಿನಿಂದಲೇ, ಹಂತಹಂತವಾಗಿ ಬಿಗಿಯಬೇಕು. ಉದ್ದನೆಯ ಪೈಪು ಸಿಕ್ಕಿಸಿ ಬಲ ಹಾಕುವುದನ್ನು ರೈತರು ಒಪ್ಪಬಾರದು. ಗ್ಯಾಸ್ಕೆಟ್ ತಲೆಕೆಳಗಾದರೆ ನೀರಿನ ತೂತುಗಳು ಮುಚ್ಚಿಕೊಳ್ಳುವುದೂ ಉಂಟು. ಇನ್ನು ಹೆಡ್ಡಿನಲ್ಲಿ ವಾಲ್ವುಗಳ ನಡುವೆ ಬಿಡುವ ಕೂದಲೆಳೆಯ ಬಿರುಕು ಬಿಸಿಯಾದಾಗ ಮಾತ್ರ ತೆರೆಯಬಹುದು. ಹೀಗಾಗಿ ತಣ್ಣಗಿರುವಾಗ ಮಾಡಿದ ಪರೀಕ್ಷೆಯಲ್ಲಿ ಗುಳ್ಳೆ ಬಾರದಿದ್ದರೂ ಸಂಶಯ ಉಳಿದರೆ ಹೆಡ್ಡನ್ನು ಒತ್ತಡದ ಪರೀಕ್ಷೆಗೆ ಕಳುಹಿಸಬೇಕು. ಅದರ ಖರ್ಚು ಮತ್ತೊಂದು ಗ್ಯಾಸ್ಕೆಟ್ ಸುಟ್ಟು, ಮತ್ತೊಮ್ಮೆ ಹೆಡ್ ಇಳಿಸುವ ಖರ್ಚಿಗಿಂತ ಮೇಲು.

ಗಡಸು ನೀರು

ಕೋಲಾರ, ಚಿಕ್ಕಬಳ್ಳಾಪುರದಂತಹ ಕಡೆ ಆಳದ ಕೊಳವೆ ಬಾವಿಯ ನೀರು ಬಳಸುವವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿಯ ಪದರವೇ ಇಂಜಿನ್ನಿನೊಳಗೂ ಲೈನರುಗಳ ಸುತ್ತ ಕಟ್ಟುತ್ತದೆ. ಈ ಸುಣ್ಣದ ಪದರವು ಬೀಡುಕಬ್ಬಿಣಕ್ಕಿಂತ ಹತ್ತಾರು ಪಾಲು ಕಡಿಮೆ ಶಾಖ ದಾಟಿಸುತ್ತದೆ. ರೇಡಿಯೇಟರನ್ನು ಮಾತ್ರ ಬದಲಾಯಿಸಿದರೆ ಬ್ಲಾಕಿನೊಳಗಿನ ಪದರ ಹಾಗೆಯೇ ಉಳಿಯುವುದಷ್ಟೇ ಅಲ್ಲ, ಅದು ಕಳಚಿ ಬಂದು ಹೊಸ ರೇಡಿಯೇಟರಿನ ಕೊಳವೆಗಳನ್ನೂ ಕಟ್ಟುತ್ತದೆ. ನೀರು ಬಸಿಯುವಾಗ ರೇಡಿಯೇಟರಿನ ನಲ್ಲಿಯ ಜೊತೆಗೆ ಬ್ಲಾಕಿನ ಬದಿಯ ತಿರುಪನ್ನೂ ಬಿಚ್ಚಬೇಕು. ಬಿಚ್ಚಿದರೂ ನೀರು ಬಾರದಿದ್ದರೆ ತಂತಿ ಹಾಕಿ ಚುಚ್ಚಿ ನೋಡಬೇಕು. ತುಕ್ಕಿನ ಕೆಸರು ಬಂದರೆ ಒಳಗಿನ ಸ್ಥಿತಿ ತಿಳಿಯಿತು. ರಾಸಾಯನಿಕದಿಂದ ತೊಳೆಯಿಸುವಾಗ ಇಂಜಿನ್ನಿನಲ್ಲಿ ಅಲ್ಯೂಮಿನಿಯಂ ಭಾಗಗಳಿವೆಯೇ ಎಂದು ಕೇಳಿ ತಿಳಿಯಬೇಕು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಮತ್ತೆ ತುಂಬಲು ತಯಾರಕರು ಹೇಳಿದ ಕೂಲೆಂಟನ್ನು ಶುದ್ಧ ನೀರಿನೊಡನೆ ಬೆರೆಸಿ ಬಳಸುವುದು ಉತ್ತಮ. ಶುದ್ಧ ನೀರು ಸಿಗದ ಕಡೆ ಬಟ್ಟೆಯಲ್ಲಿ ಸೋಸಿದ ಮಳೆನೀರು ಕೊಳವೆ ಬಾವಿಯ ನೀರಿಗಿಂತ ಎಷ್ಟೋ ಮೇಲು. ರೇಡಿಯೇಟರಿನ ಮುಚ್ಚಳವನ್ನೂ ಕಡೆಗಣಿಸಬಾರದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತ ನೀರು 97 ಡಿಗ್ರಿಗೇ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಕುದಿಯುವ ಮಟ್ಟ 110 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ರಬ್ಬರು ಸತ್ತ ಮುಚ್ಚಳ ಈ ಲಾಭವನ್ನೆಲ್ಲ ಕಳೆಯುತ್ತದೆ.

ಮುಳ್ಳು ಕೆಂಪಿಗೆ ಬಂದಾಗ

ಭಾರವನ್ನು ಕೂಡಲೇ ತೆಗೆಯಬೇಕು. ಬೆಲ್ಟು ಇದ್ದು ನೀರಿದ್ದರೆ ಒಂದೆರಡು ನಿಮಿಷ ನಿಧಾನ ವೇಗದಲ್ಲಿ ಓಡಲು ಬಿಟ್ಟು ನಿಲ್ಲಿಸಬೇಕು. ಬೆಲ್ಟು ತುಂಡಾಗಿದ್ದರೆ ಅಥವಾ ನೀರೆಲ್ಲ ಹೋಗಿದ್ದರೆ ಆ ಕ್ಷಣವೇ ನಿಲ್ಲಿಸಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕು, ಹೆಡ್ ಬಿರಿಯುತ್ತವೆ. ಕೈಯಿಂದ ಮುಟ್ಟಬಹುದಾದಷ್ಟು ತಣಿಯುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಬಸಿದ ಹಳೆಯ ಕೂಲೆಂಟನ್ನು ಕಣದಲ್ಲಾಗಲಿ ಕೊಟ್ಟಿಗೆಯ ಬಳಿಯಾಗಲಿ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ದನಕರುಗಳೂ ನಾಯಿಗಳೂ ಅದನ್ನು ನೆಕ್ಕಿ ಸಾಯುವ ಸಂಭವವಿದೆ. ಡಬ್ಬಿಯಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆಯ ಎಣ್ಣೆಯನ್ನು ಕೊಡುವ ವರ್ಕ್‌ಶಾಪಿನಲ್ಲೇ ಅದನ್ನೂ ಬೇರೆಯಾಗಿ ಒಪ್ಪಿಸಬೇಕು.