ವೆನಿಲ್ಲಾ ಎಲೆಯ ಕಂದು ಕಲೆ: ಮೊದಲು ಗುರುತಿಸಿ, ಆಮೇಲೆ ಸಿಂಪಡಿಸಿ



ಸಂಘಕ್ಕೆ ಅಡಿಕೆ ತರುವವರಲ್ಲಿ ಒಬ್ಬಿಬ್ಬರಾದರೂ ಕಾಗದದಲ್ಲಿ ಸುತ್ತಿದ ವೆನಿಲ್ಲಾ ಎಲೆಯೊಂದನ್ನು ಬಿಚ್ಚಿ ಮೇಜಿನ ಮೇಲಿಡುವುದುಂಟು. ಎಲೆಯ ಮೇಲೆ ಕಂದು ಕಲೆ. "ಇದಕ್ಕೆ ಏನು ಹೊಡೆಯಬೇಕು?" ಎಂಬುದೇ ಮೊದಲ ಪ್ರಶ್ನೆ. "ಇದು ಏನು?" ಎಂದು ಕೇಳುವವರು ಕಡಿಮೆ. ನಾವೂ ಹಾಗೆಯೇ ಕೇಳಿ ನಷ್ಟ ಅನುಭವಿಸಿದವರು. ಅದನ್ನು ಇಲ್ಲಿ ಹೇಳಿಕೊಂಡರೆ ಇನ್ನೊಬ್ಬರ ಬಳ್ಳಿಯಾದರೂ ಉಳಿದೀತು.

ವೆನಿಲ್ಲಾದ ಕಥೆ ನಮ್ಮವರಿಗೆ ಹೊಸದಲ್ಲ. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿದ ಮೇಲೆ ದರ ಏರುತ್ತಾ ಹೋಯಿತು. 2003ರ ಹೊತ್ತಿಗೆ ತೋಟಕ್ಕೆ ರಾತ್ರಿ ಕಾವಲು ಹಾಕಿದವರೂ ಇದ್ದರು. ಒಂದೆರಡು ವರ್ಷದಲ್ಲಿ ದರ ನೆಲ ಕಚ್ಚಿತು. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆವು. 2017ರಲ್ಲಿ ಅಲ್ಲಿ ಮತ್ತೆ ಚಂಡಮಾರುತ, ಇಲ್ಲಿ ಮತ್ತೆ ಆಸೆ. ನಾವು 2018ರಲ್ಲಿ ಅಡಿಕೆ ಮರಗಳ ನಡುವೆ ಗ್ಲಿರಿಸೀಡಿಯಾ ಗೂಟ ನೆಟ್ಟು ಇನ್ನೂರು ಬಳ್ಳಿ ಹಬ್ಬಿಸಿದೆವು.

ಎರಡು ತಪ್ಪು, ಒಂದೇ ವರ್ಷ

2020ರ ಮಾರ್ಚಿಯಲ್ಲಿ ತೋಟದ ಪಶ್ಚಿಮ ಅಂಚಿನ ಬಳ್ಳಿಗಳಲ್ಲಿ ಕಲೆ ಕಾಣಿಸಿತು. ಮೊದಲು ಬಿಳಿಚಿದ ಹಳದಿ, ವಾರದೊಳಗೆ ಕಂದು. ರೋಗವೆಂದು ಹೆದರಿ ಅವಸರದಲ್ಲಿ ಬೋರ್ಡೋ ಕಲಸಿ ಹೊಡೆದೆವು. ಸುಣ್ಣ ಹಳೆಯದು, ಕಟ್ಟಿಹೋಗಿತ್ತು. ಎಂಟು ದಿನದಲ್ಲಿ ಚೆನ್ನಾಗಿದ್ದ ಎಲೆಗಳಲ್ಲೂ ಸುಟ್ಟ ಚುಕ್ಕಿ ಎದ್ದಿತು. ರೋಗ ಹಬ್ಬಿತೆಂದು ನಲವತ್ತು ಬಳ್ಳಿ ಕಡಿದು ಸುಟ್ಟೆವು. ಆದದ್ದು ಇಷ್ಟೇ: ಆ ಅಂಚಿನಲ್ಲಿದ್ದ ಎರಡು ದೊಡ್ಡ ಸಿಲ್ವರ್ ಮರಗಳನ್ನು ಜನವರಿಯಲ್ಲಿ ಕಡಿಸಿದ್ದೆವು. ಬಳ್ಳಿಗೆ ಸಂಜೆ ಬಿಸಿಲು ನೇರ ಬಡಿದಿತ್ತು. ಅದು ಬರೀ ಬಿಸಿಲು ಗಾಯ.

ಆ ಪಾಠ ಕಲಿತೆವೆಂದುಕೊಂಡೆವು. ಜುಲೈಯಲ್ಲಿ ಪುನರ್ವಸು ಮಳೆ ಹಿಡಿದಾಗ ತಗ್ಗಿನ ಸಾಲಿನ ಬಳ್ಳಿಗಳ ಬುಡದ ಗಂಟಿನಲ್ಲಿ ಕಂದು ಕಂಡಿತು. "ಬೇಸಿಗೆಯ ಗಾಯ, ಏನೂ ಆಗದು" ಎಂದು ಬಿಟ್ಟೆವು. ಆಶ್ಲೇಷ ಮುಗಿಯುವುದರೊಳಗೆ ಅರುವತ್ತು ಬಳ್ಳಿ ಕೊಳೆತು ಜೋತುಬಿದ್ದಿದ್ದವು. ಮುಂದಿನ ಬೇಸಿಗೆಗೆ ಮೊದಲ ಹೂ ಬಿಡಬೇಕಿದ್ದ ಬಳ್ಳಿಗಳು ಅವು. ಹೀಗೆ ಇನ್ನೂರರಲ್ಲಿ ನೂರು ಹೋಯಿತು. ಎರಡು ಸಲವೂ ಗುರುತಿಸುವುದರಲ್ಲೇ ಎಡವಿದ್ದೆವು.

ಈ ಎಲೆಯ ಸ್ವಭಾವ

ವೆನಿಲ್ಲಾ ಮೆಕ್ಸಿಕೋ ಕಡೆಯ ಕಾಡಿನ ಸೀತಾಳೆ ಜಾತಿಯ ಬಳ್ಳಿ. ಎಲೆ ಮತ್ತು ಕಾಂಡ ಎರಡೂ ರಸಭರಿತ. ಕತ್ತಾಳೆ, ಕಳ್ಳಿಗಳಂತೆ ನೀರನ್ನು ಒಳಗೇ ಕೂಡಿಟ್ಟುಕೊಳ್ಳುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳು ಹೆಚ್ಚಾಗಿ ರಾತ್ರಿ ತೆರೆದು ಹಗಲು ಮುಚ್ಚಿರುತ್ತವೆ. ಹಗಲಲ್ಲಿ ನೀರು ಆವಿಯಾಗಿ ಎಲೆ ತಂಪಾಗುವುದು ಕಡಿಮೆ. ಆದ್ದರಿಂದ ನೇರ ಬಿಸಿಲು ಬಿದ್ದರೆ ಬೇಗ ಬೇಯುತ್ತದೆ. ಮಳೆಗಾಲದಲ್ಲಿ ಇದೇ ರಸ ಬೂಷ್ಟಿಗೆ ಒಳ್ಳೆಯ ಊಟ. ಕಾಫಿ ಎಲೆಯಾದರೆ ಕಲೆ ಬಿದ್ದ ಜಾಗ ಒಣಗಿ ಉದುರೀತು. ವೆನಿಲ್ಲಾದಲ್ಲಿ ಕೊಳೆ ಗಂಟಿನಿಂದ ಗಂಟಿಗೆ ನಡೆಯುತ್ತದೆ.

ಕೇಳಬೇಕಾದ ನಾಲ್ಕು ಪ್ರಶ್ನೆ

ಈಗ ನಾವು ಕಲೆ ಕಂಡೊಡನೆ ಪಂಪಿಗೆ ಕೈ ಹಾಕುವುದಿಲ್ಲ. ಬಳ್ಳಿಯ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇವೆ.

ಕಲೆ ಎಲ್ಲಿದೆ? ಬಿಸಿಲಿಗೆ ಮುಖ ಮಾಡಿದ ಮಗ್ಗುಲಲ್ಲಿ ಮಾತ್ರ ಇದ್ದು, ನೆರಳಿನ ಮಗ್ಗುಲು ಹಸಿರಾಗಿದ್ದರೆ ಅದು ಬಿಸಿಲು ಗಾಯ. ಬುಡದಲ್ಲಿ, ಗಂಟಿನಲ್ಲಿ, ಎಲೆ ಎಲೆಗೆ ತಾಗಿದಲ್ಲಿ ಇದ್ದರೆ ರೋಗದ ಸಂಶಯ.

ಯಾವಾಗ ಬಂತು? ಗ್ಲಿರಿಸೀಡಿಯಾ, ಹಾಲುವಾಣಗಳು ಎಲೆ ಉದುರಿಸುವ ಬೇಸಿಗೆಯಲ್ಲಿ, ಮರಗಸಿ ಮಾಡಿದ ಮೇಲೆ, ಅಡಿಕೆ ಮರ ಬಿದ್ದು ಬೆಳಕಿಂಡಿಯಾದ ಮೇಲೆ ಬಂದದ್ದಾದರೆ ಬಿಸಿಲು. ಮಳೆ ಹಿಡಿದ ಮೇಲೆ ಬಂದದ್ದಾದರೆ ಬೂಷ್ಟು. ಸಿಂಪಡಿಸಿದ ವಾರದಲ್ಲಿ, ಹನಿ ನಿಂತ ಜಾಗದಲ್ಲೇ ಚುಕ್ಕಿ ಎದ್ದರೆ ಔಷಧಿಯ ಸುಡು.

ಒಣಗಿದೆಯೋ, ಒದ್ದೆಯೋ? ಬೆರಳಿಂದ ಒತ್ತಿ ನೋಡಿ. ಕಾಗದದಂತೆ ಗರಗರ ಎಂದರೆ ಗಾಯ. ಮೆತ್ತಗಾಗಿ ನೀರೊಸರಿದರೆ ಕೊಳೆ. ಸ್ವಲ್ಪ ತಗ್ಗಾಗಿ, ಸುತ್ತ ಹಳದಿ ಉಂಗುರವಿದ್ದು, ನಡುವೆ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳಿದ್ದರೆ ಅದು ಎಲೆಚುಕ್ಕಿ ಬೂಷ್ಟು.

ಹರಡುತ್ತಿದೆಯೇ? ಇದೇ ಮುಖ್ಯ. ಬಾಲ್‌ಪೆನ್ನಿನಿಂದ ಕಲೆಯ ಅಂಚಿಗೆ ಸರಿಯಾಗಿ ಗೆರೆ ಎಳೆದು ಬಿಡಿ. ನಾಲ್ಕು ದಿನ ಬಿಟ್ಟು ನೋಡಿ. ಕಲೆ ಗೆರೆಯೊಳಗೇ ಇದ್ದರೆ ಗಾಯ, ಗೆರೆ ದಾಟಿದರೆ ರೋಗ. ಮಳೆಗಾಲದಲ್ಲಿ ಬುಡ ಮೆತ್ತಗಾಗಿದ್ದರೆ ಮಾತ್ರ ನಾಲ್ಕು ದಿನ ಕಾಯಬೇಡಿ.

ಎಳೆಯ ತುದಿಯನ್ನು ಬಸವನಹುಳು ಕೆರೆದು ತಿಂದ ಜಾಗವೂ ಒಣಗಿ ಕಂದಾಗುತ್ತದೆ. ಟಾರ್ಚು ಹಿಡಿದು ರಾತ್ರಿ ಒಮ್ಮೆ ನೋಡಿದರೆ ಸಂಶಯ ತೀರುತ್ತದೆ.

ಯಾವುದಕ್ಕೆ ಏನು

ಬಿಸಿಲು ಗಾಯಕ್ಕೆ ಔಷಧಿ ಬೇಡ, ನೆರಳು ಬೇಕು. ಅಡಿಕೆ ಸೋಗೆಯನ್ನು ಗೂಟಕ್ಕೆ ಒರಗಿಸಿ ಕಟ್ಟಿ. ಬುಡಕ್ಕೆ ದರಗು ಹಾಸಿ. ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ಗುದ್ದಲಿ ತಾಗಿಸಬೇಡಿ. ಗಾಯದ ಎಲೆ ಕೀಳುವುದೂ ಬೇಡ. ಉಳಿದ ಹಸಿರು ಬಳ್ಳಿಗೆ ಉಪಯೋಗಕ್ಕೆ ಬರುತ್ತದೆ. ಬೇಲಿಯಂಚಿನ ಮರ ಕಡಿಸುವುದಿದ್ದರೆ ಮಳೆಗಾಲದ ಮೋಡವಿರುವಾಗ ಸ್ವಲ್ಪ ಸ್ವಲ್ಪವಾಗಿ ಕಡಿಸಿ.

ಎಲೆಚುಕ್ಕಿಗೆ ಗಾಳಿ ಆಡುವುದೇ ಅರ್ಧ ಮದ್ದು. ಮುಂಗಾರಿಗೆ ಮೊದಲು ನೆರಳನ್ನು ಹದ ಮಾಡಿ, ಒತ್ತೊತ್ತಾಗಿ ಜೋತ ಬಳ್ಳಿಗಳನ್ನು ಬಿಡಿಸಿ ಹಾಕಿ, ಕಲೆಯ ಎಲೆಗಳನ್ನು ಆರಿಸಿ ಸುಟ್ಟುಬಿಡಿ. ಆಮೇಲೆ ಶೇಕಡಾ 1ರ ಬೋರ್ಡೋ.

ಬುಡ ಕೊಳೆತರೆ ಕನಿಕರ ಬೇಡ. ಕೊಳೆತಲ್ಲಿಂದ ಎರಡು ಗಂಟು ಮೇಲೆ, ಗಟ್ಟಿ ಹಸಿರು ಕಾಣುವಲ್ಲಿ ಕತ್ತರಿಸಿ. ಪ್ರತಿ ಬಳ್ಳಿಗೂ ಚಾಕು ಒರೆಸಿ ಬಿಸಿ ಮಾಡಿಕೊಳ್ಳಿ. ಒಳ್ಳೆಯ ತುಂಡನ್ನು ನೆರಳಿನಲ್ಲಿ ಕೆಲವು ದಿನ ಒಣಗಿಸಿ ಬೇರೆ ಜಾಗದಲ್ಲಿ ನೆಡಿ. ಆ ಬುಡದ ಮಣ್ಣಿನಲ್ಲಿ ಮತ್ತೆ ವೆನಿಲ್ಲಾ ಹಾಕಬೇಡಿ. ಬಸಿಗಾಲುವೆ ಹೂಳು ತುಂಬಿದ್ದರೆ ಯಾವ ಔಷಧಿಯೂ ಕೆಲಸ ಮಾಡದು. ಉಳಿದ ಬುಡಗಳಿಗೆ ಬೇವಿನ ಹಿಂಡಿಯಲ್ಲಿ ಬೆಳೆಸಿದ ಟ್ರೈಕೋಡರ್ಮಾ ಕೊಡಬಹುದು. ಬೋರ್ಡೋಗೂ ಅದಕ್ಕೂ ಹದಿನೈದು ದಿನ ಅಂತರವಿರಲಿ. ತುತ್ತ ಕೆಟ್ಟ ಬೂಷ್ಟಿನ ಜೊತೆಗೆ ಒಳ್ಳೆಯದನ್ನೂ ಕೊಲ್ಲುತ್ತದೆ.

ಕೋಡಿನ ತುದಿ ಕಪ್ಪಾಗಿ ಒದ್ದೆಯಾಗುತ್ತಾ ಬಂದರೆ ಅದು ನಮ್ಮ ಅಡಿಕೆ ಕೊಳೆರೋಗದ ಬಳಗದ್ದೇ. ಆದ್ದರಿಂದ ಅಡಿಕೆಗೆ ಮುಂಗಾರಿನ ಮೊದಲ ಬೋರ್ಡೋ ಹೊಡೆಯುವಾಗ ವೆನಿಲ್ಲಾವನ್ನು ಮರೆಯಬೇಡಿ.

ಬೋರ್ಡೋ ಕಲಸುವಾಗ

ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಬಳಕೆ ತೋರಿಸಿಕೊಟ್ಟರು. ನೂರು ವರ್ಷ ಕಳೆದರೂ ಕಲಸುವುದರಲ್ಲಿ ನಾವು ಅವಸರ ಬಿಟ್ಟಿಲ್ಲ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಹೊಸ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರ್ ನೀರಿನಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕಲಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ತಿರುವುತ್ತಾ ಸುರಿಯಿರಿ. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು; ಹಿಡಿಯದಷ್ಟು ಸುಣ್ಣದ ನೀರು ಸೇರಿಸಿ. ಈ ಒಂದು ನಿಮಿಷ ಉಳಿಸಲು ಹೋಗಿ ನಾವು ಎಲೆ ಸುಟ್ಟುಕೊಂಡೆವು. ಕಲಸಿದ್ದನ್ನು ಅಂದೇ ಮುಗಿಸಿ.

ಆದರೂ ಗೊತ್ತಾಗದಿದ್ದರೆ

ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಒಯ್ಯಿರಿ. ಪೂರ್ತಿ ಕೊಳೆತದ್ದು ಬೇಡ. ಕಲೆಯೂ ಹಸಿರೂ ಎರಡೂ ಇರುವ ಭಾಗ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ದಾರಿಯಲ್ಲೇ ಕೊಳೆಯುತ್ತದೆ, ಪತ್ರಿಕೆಯ ಕಾಗದದಲ್ಲಿ ಸುತ್ತಿ. ಯಾವಾಗ ಕಂಡಿತು, ಏನು ಹೊಡೆದಿರಿ, ಯಾವ ಮರ ಕಡಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಮರ ಕಡಿದದ್ದನ್ನು ಹೇಳಲು ಎಲ್ಲರೂ ಮರೆಯುತ್ತಾರೆ. ನಾವೂ ಮರೆತಿದ್ದೆವು.

ಉಳಿದ ನೂರು ಬಳ್ಳಿಗಳಿಂದ ತುಂಡು ತೆಗೆದು ಮತ್ತೆ ಸಾಲು ತುಂಬಿಸಿದ್ದೇವೆ, ಈ ಸಲ ಏರು ಜಾಗದಲ್ಲಿ. ದರ ಏನಾಗುತ್ತದೋ ಅದು ನಮ್ಮ ಕೈಯಲ್ಲಿಲ್ಲ. ಗುರುತಿಸುವುದು ನಮ್ಮ ಕೈಯಲ್ಲೇ ಇದೆ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಬಾಲ್‌ಪೆನ್ನು ಇರಲಿ.