ಶಿಲೀಂಧ್ರನಾಶಕವೂ ರೈತಮಿತ್ರ ಕಣಜವೂ

ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಬೆಂಕಿ ರೋಗಕ್ಕೆ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಬೂದಿ ರೋಗ, ಚುಕ್ಕೆ ರೋಗಗಳಿಗೆ ಶಿಲೀಂಧ್ರನಾಶಕ ಸಿಂಪಡಿಸುವುದನ್ನು ನೀವು ನೋಡಿರಬಹುದು. ಈ ಔಷಧಿ ಶಿಲೀಂಧ್ರವನ್ನಷ್ಟೇ ಕೊಲ್ಲುತ್ತದೆಯೆ?

ಟ್ರೈಕೋಗ್ರಾಮಾ ಸುಮಾರು ಅರ್ಧ ಮಿಲಿಮೀಟರ್ ಉದ್ದದ ಕಣಜ. ಇದರ ಹೆಣ್ಣು, ಭತ್ತದ ಕಾಂಡ ಕೊರೆಯುವ ಹುಳುವಿನ ಪತಂಗ ಇಟ್ಟ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಕಣಜದ ಮರಿ ಒಳಗಿನ ಸಾರವನ್ನು ತಿಂದು ಬೆಳೆದು 8–10 ದಿನಗಳಲ್ಲಿ ಹೊರಬರುತ್ತದೆ. ಪೀಡೆಹುಳು ಹುಟ್ಟುವುದೇ ಇಲ್ಲ.

ಸಾಮಾನ್ಯವಾಗಿ ಶಿಲೀಂಧ್ರನಾಶಕಗಳು ಕಣಜಕ್ಕೆ ಕೀಟನಾಶಕಗಳಷ್ಟು ಮಾರಕವಲ್ಲ. ಆದರೆ ಎಲ್ಲವೂ ನಿರಪಾಯವಲ್ಲ. ಬೂದಿ ರೋಗಕ್ಕೆ ಬಳಸುವ ಗಂಧಕವು ಟ್ರೈಕೋಗ್ರಾಮಾಗಳನ್ನು ಕೊಲ್ಲುತ್ತದೆಂದು ಆಸ್ಟ್ರೇಲಿಯದ ದ್ರಾಕ್ಷಿತೋಟಗಳ ಕುರಿತು 2000ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ಪ್ರಯೋಗಾಲಯದಲ್ಲಿ ಶೇ. 30ಕ್ಕಿಂತ ಕಡಿಮೆ ಕಣಜಗಳು ಸತ್ತರೆ ಆ ಔಷಧಿ 'ನಿರಪಾಯ'. ಅಂದರೆ ನಿರಪಾಯ ಎನಿಸಿಕೊಂಡದ್ದೂ ಕೆಲವನ್ನು ಕೊಲ್ಲಬಹುದು!

ಸಿಂಪಡಿಸುವ ಸಮಯವೂ ಮುಖ್ಯ. ಮೊಟ್ಟೆಯ ಚಿಪ್ಪು ಒಳಗಿನ ಮರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ಔಷಧಿ ಅಂಟಿದ ಎಲೆಯ ಮೇಲೆ ಓಡಾಡುವ ಪ್ರೌಢ ಕಣಜಕ್ಕೆ ಅಪಾಯ ಹೆಚ್ಚು. ಆದ್ದರಿಂದ ಟ್ರೈಕೋಕಾರ್ಡ್ ಕಟ್ಟಿ ಕಣಜ ಬಿಡುವ ದಿನಗಳಲ್ಲಿ ಸಿಂಪಡಣೆ ಬೇಡ. ಶಿಲೀಂಧ್ರನಾಶಕದ ಜೊತೆಗೆ ರೂಢಿಯಂತೆ ಕೀಟನಾಶಕವನ್ನೂ ಬೆರೆಸಿದರೆ ಕಣಜಕ್ಕೆ ಉಳಿಗಾಲವಿಲ್ಲ.

ಶಿಕ್ಷಕರೇ, ವಿದ್ಯಾರ್ಥಿಗಳೊಂದಿಗೆ ಪರೀಕ್ಷಿಸಿ. ಭತ್ತದ ಎಲೆಯ ಮೇಲೆ ಕಂದು ರೋಮ ಹೊದ್ದ ಮೊಟ್ಟೆಗುಂಪು ಸಿಕ್ಕರೆ, ಎಲೆಯ ತುಂಡಿನೊಡನೆ ಗಾಜಿನ ನಳಿಕೆಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಿ. ಹೊರಬಂದದ್ದು ಮರಿಹುಳುವೋ ಕಣಜವೋ? ಭೂತಗನ್ನಡಿಯಲ್ಲಿ ನೋಡಿ, ಎಣಿಸಿ. ಔಷಧಿ ಸಿಂಪಡಿಸಿದ ಹಾಗೂ ಸಿಂಪಡಿಸದ ಗದ್ದೆಗಳ ಲೆಕ್ಕ ಹೋಲಿಸಿ, ಗದ್ದೆಯ ರೈತರಿಗೂ ತೋರಿಸಿ.